ಹಿತ್ತಲಿಗೆ ಹೊದಿಸಿದ ಕೌದಿ

ನಾನು ಚಿಕ್ಕವಳಿದ್ದಾಗ, ಅಂದರೆ ಹಿತ್ತಲಿನ ಜೇಕು ನನ್ನ ಮೊಣಕಾಲಿಗೆ ಬರುತ್ತಿದ್ದ ಕಾಲದಲ್ಲಿ, ದೇವದುರ್ಗದ ನಮ್ಮ ಮನೆಯಲ್ಲಿ ಒಂದು ಯುದ್ಧ ನಡೆದಿತ್ತು. ಒಂದು ಕಡೆ ನನ್ನ ಅಜ್ಜಿ, ಅಪ್ಪನ ತಾಯಿ. ಇನ್ನೊಂದು ಕಡೆ ಜೇಕು. ಜೇಕು ಅಂದರೆ ಹಸಿರು ಸೂಜಿಯಂಥ ಒಂದು ಕಳೆ. ಮೇಲೆ ಕಾಣುವುದು ನಾಲ್ಕೇ ಎಲೆ. ಕೆಳಗೆ ಮಣ್ಣಿನೊಳಗೆ ಕರಿಮಣಿ ಸರದ ಹಾಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಇಡೀ ಹಿತ್ತಲು ತನ್ನದೆಂದು ಕೂತಿರುತ್ತದೆ. ಇವತ್ತು ಕಿತ್ತರೆ ನಾಳೆ ನೆಂಟರನ್ನು ಕರೆದುಕೊಂಡು ಬರುತ್ತದೆ.

ಅಜ್ಜಿ ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಪಿ ಹಿಡಿದು ರಣರಂಗಕ್ಕೆ ಇಳಿಯುತ್ತಿದ್ದಳು. ಆ ವಿಭೂತಿ ಗೂಗಲ್ಲಿನಿಂದ ಬಂದದ್ದು. ಗೂಗಲ್ ಅಜ್ಜಿಯ ತವರು. ನಗಬೇಡಿ, ನಿಮ್ಮ ಫೋನಿನೊಳಗಿರುವುದಲ್ಲ, ಕೃಷ್ಣೆಯ ದಂಡೆಯ ಮೇಲಿರುವುದು. ಅಜ್ಜಿ ಕೂತು, ಒಂದು ಜೇಕಿನ ಜುಟ್ಟು ಹಿಡಿದು, ಅದರ ಮುಖಕ್ಕೇ ಹೇಳುತ್ತಿದ್ದಳು: "ನಾ ಸಾಯೂದ್ರೊಳಗ ಈ ಹಿತ್ತಲದಾಗ ನಿನ್ನ ವಂಶ ಉಳಸಂಗಿಲ್ಲ ನೋಡು, ತಿಳೀತಿಲ್ಲೋ?"

ಜೇಕು ಆಗ ಉತ್ತರ ಕೊಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕೊಡುತ್ತಿತ್ತು.

ಕೀಳುವುದರಿಂದ ಇದು ಮುಗಿಯುವುದಿಲ್ಲವೆಂದು ಅಜ್ಜಿಗೆ ಎಂದೋ ತಿಳಿದಿತ್ತು. ಅದಕ್ಕೆ ಅವಳು ನೆಲಕ್ಕೆ ಹೊದಿಸುತ್ತಿದ್ದಳು. ಮನೆಯಲ್ಲಿ ಹರಿದದ್ದು, ಸವೆದದ್ದು, ಯಾರಿಗೂ ಬೇಡವಾದದ್ದು ಏನೇ ಇದ್ದರೂ ಕೊನೆಗೆ ಗಿಡಗಳ ನಡುವಿನ ಬರಿ ನೆಲದ ಮೇಲೆ ಹೋಗಿ ಮಲಗುತ್ತಿತ್ತು. ತಳ ಹರಿದ ಗೋಣಿಚೀಲ, ಈಚಲ ಚಾಪೆ, ಅಪ್ಪನ ಧೋತರ, ಅವ್ವನ ನೂಲಿನ ಸೀರೆ. ಅಪ್ಪ ಶಾಲೆಯ ಮಾಸ್ತರನಾಗಿದ್ದರಿಂದ ಹಳೆಯ ಉತ್ತರ ಪತ್ರಿಕೆಗಳ ಕಟ್ಟೂ ಬರುತ್ತಿತ್ತು. ಬದನೆಯ ಸಾಲಿಗೆ ಏಳನೆಯ ತರಗತಿಯ ಗಣಿತ, ಮೆಣಸಿನ ಗಿಡಕ್ಕೆ ಆರನೆಯ ತರಗತಿಯ ಸಮಾಜ. ಅವನ್ನು ನೀರಲ್ಲಿ ಅದ್ದಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೆ ಇನ್ನೊಂದು ಅರ್ಧ ಏರಿಸಿ ಹಾಸಬೇಕು. ಸಂದಿ ಬಿಟ್ಟರೆ ಜೇಕಿಗೆ ಅದೇ ಬಾಗಿಲು. ಮೂಲೆಗೆ ಕಲ್ಲು, ಗೆದ್ದಲು ಹತ್ತದ ಹಾಗೆ ಮೇಲೆ ಒಲೆಯ ಬೂದಿ. ಗಿಡ ಇರುವಲ್ಲಿ ಮಾತ್ರ ಅಡ್ಡ ಒಂದು, ಉದ್ದ ಒಂದು ಸೀಳು. ಸೊನ್ನೆ ಬಂದ ಪತ್ರಿಕೆಗಳು ಬೇಗ ಕರಗುತ್ತಿದ್ದವು. ಅವುಗಳಲ್ಲಿ ಶಾಯಿ ಕಡಿಮೆ.

ಎಲ್ಲ ಬಟ್ಟೆಗೂ ಆ ಭಾಗ್ಯ ಸಿಗುತ್ತಿರಲಿಲ್ಲ. ಅಜ್ಜಿ ಮೊದಲು ಒಂದು ಎಳೆ ಕಿತ್ತು ಒಲೆಯ ಕೆಂಡಕ್ಕೆ ಹಿಡಿಯುತ್ತಿದ್ದಳು. ಬೂದಿಯಾದರೆ ಹಿತ್ತಲಿಗೆ ಅರ್ಹ. ಸುರುಟಿ ಗಂಟು ಕಟ್ಟಿದರೆ ಅದು ನೈಲಾನು, ಅನರ್ಹ. "ಇದನ್ನ ಮಣ್ಣು ತಿನ್ನಂಗಿಲ್ಲ. ಮಣ್ಣು ತಿನ್ನಲಾರದ್ದನ್ನ ಅದರ ಬಾಯಾಗ ತುರುಕಬಾರದು," ಎನ್ನುತ್ತಿದ್ದಳು. ಹೊಸ ನೈಲಾನು ಸೀರೆ ಉಟ್ಟು ಬಂದ ನೆಂಟರ ಸೆರಗನ್ನೂ ಅವಳು ಒಲೆಯ ಕಡೆ ದೃಷ್ಟಿ ಇಟ್ಟುಕೊಂಡೇ ನೋಡುತ್ತಿದ್ದಳು. ಅವರು ದೂರ ಕೂರುತ್ತಿದ್ದರು.

ಆ ವರ್ಷ ಮಾನಾಮಿ ಮುಗಿದ ಮೇಲೆ ಅಜ್ಜಿ ಒಂದು ಕೌದಿ ಹೊಲಿಯಲು ಕೂತಳು. ಮಾನಾಮಿ ಅಂದರೆ ದಸರೆ. ಅದರ ಹಿಂದಿನ ವಾರ ನಮ್ಮ ಕಡೆ ಊರಿನ ಎಲ್ಲ ಹಾಸಿಗೆ ಹೊದಿಕೆಗಳನ್ನು ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ಈ ಕೌದಿ ಆ ಹಬ್ಬದ ನಂತರ ಹುಟ್ಟಿದ್ದರಿಂದ ನೀರನ್ನೇ ಕಂಡಿರಲಿಲ್ಲ. ಅದರಲ್ಲಿ ತಾತನ ರುಮಾಲಿತ್ತು, ಅವ್ವನ ಹಸಿರು ಸೀರೆಯ ಅಂಚಿತ್ತು, ಅಪ್ಪನ ಅಂಗಿಯ ಶಾಯಿ ಕಲೆಯ ಜೇಬಿತ್ತು, ನಾನು ಕೂಸಿದ್ದಾಗ ತೊಟ್ಟ ಹೂವಿನ ಝಬಲಾ ಇತ್ತು. ಚಳಿಗಾಲವೆಲ್ಲ ಕಟ್ಟೆಯ ಮೇಲೆ ಕೂತು, ಇರುವೆ ಸಾಲಿನಂಥ ಹೊಲಿಗೆ ಹಾಕಿದಳು. ಕೊನೆಗೆ ಒಂದು ಮೂಲೆಯಲ್ಲಿ ಅಂಗೈ ಅಗಲದ ಬಾಯಿ ಬಿಟ್ಟು ನನ್ನನ್ನು ಕರೆದಳು.

"ಜ್ವಾಳದ ಗಡಿಗ್ಯಾಗಿಂದ ಒಂದ್ ಹಿಡಿ ತಗೊಂಡ್ ಬಾ ಅವ್ವಿ. ಕೌದಿಗಿ ಹೊಟ್ಟಿ ಹಸೀತದ. ಹಸದ ಕೌದಿ ಮಂದಿಗಿ ನಿದ್ದಿ ಕೊಡಂಗಿಲ್ಲ."

ನಾನು ತಂದು ಹಾಕಿದೆ. ಅಜ್ಜಿ ಒಳಗೆ ಬೆರಳಾಡಿಸಿ ನೋಡಿ, "ಇದೇನ್ ಗುಬ್ಬಿ ಹಿಡಿ! ಇನ್ನೊಂದ್ ಹಿಡಿ ಹಾಕು," ಎಂದಳು. ಎರಡನೆಯ ಹಿಡಿಯೂ ಒಳಗೆ ಹೋದ ಮೇಲೆ ಬಾಯಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಅವತ್ತಿನಿಂದ ನಾವಿಬ್ಬರೂ ಅದರೊಳಗೆ ಮಲಗಿದೆವು. ಅಜ್ಜಿ ಯಾವಾಗಲೂ ಬಲ ಮಗ್ಗುಲಿಗೆ, ಮೊಣಕಾಲು ಮಡಚಿ. ನಾನು ಆ ಮಡಿಕೆಯೊಳಗೆ. ಕೌದಿಗೆ ಹೊಗೆಸೊಪ್ಪಿನ, ವಿಭೂತಿಯ, ನೀಲಗಿರಿ ಎಣ್ಣೆಯ ವಾಸನೆ ಹತ್ತಿಕೊಂಡಿತು. ಇವತ್ತಿಗೂ ನಿದ್ದೆ ಎಂದರೆ ನನ್ನ ಮೂಗಿಗೆ ಅದೇ.

ಬೇಸಿಗೆ ಬಂತು. ರಾಯಚೂರು ಸೀಮೆಯ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಅಂಥ ಉರಿಯಲ್ಲೂ ಅಜ್ಜಿ ಚಳಿ ಎನ್ನತೊಡಗಿದಳು. ಹಿಂಬಾಗಿಲ ಬಳಿಯ ಹೀರೆಬಳ್ಳಿಯ ಮಡಿಗೆ ಹೊಸದಾಗಿ ಎರಡು ಗೋಣಿಚೀಲ ಹಾಸಿ, ಕಲ್ಲಿಟ್ಟು, "ಇಷ್ಟಾತಂದ್ರ ಆತು," ಎಂದು ಒಳಗೆ ಬಂದಳು. ಅದಾದ ಎರಡನೆಯ ದಿನ ಮಧ್ಯಾಹ್ನ, ಕೌದಿ ಹೊದ್ದು ಮಲಗಿದವಳು ಏಳಲಿಲ್ಲ. ನಾನು ಚಹಾಕ್ಕೆ ಎಬ್ಬಿಸಲು ಹೋದೆ. ಬಲ ಮಗ್ಗುಲು, ಮಡಚಿದ ಮೊಣಕಾಲು, ಎಲ್ಲ ದಿನದಂತೆಯೇ ಇತ್ತು. ಕೈ ಮಾತ್ರ ತಣ್ಣಗಿತ್ತು.

ಕಲ್ಲೂರಿನಿಂದ ಅತ್ತೆ ಬಂದಳು. ಅವಳು ಅಪ್ಪನ ಅಕ್ಕ, ಅಜ್ಜಿಯ ಹಿರಿಯ ಮಗಳು. ಅತ್ತೆಗೆ ಎಲ್ಲ ಪದ್ಧತಿಗಳೂ ಗೊತ್ತಿದ್ದವು. ಗೊತ್ತಿಲ್ಲದವರ ಬಗ್ಗೆ ಅವಳಿಗೆ ಮರುಕವೂ ಇತ್ತು. ಹೋದವರು ಕೊನೆಗೆ ಹೊದ್ದದ್ದು ಐದು ದಿನದೊಳಗೆ ಮನೆ ಬಿಡಬೇಕು, ಅದನ್ನು ಊರ ಹೊರಗೆ ಹುಣಸೆಮರದ ಬುಡದಲ್ಲಿ ಬಿಟ್ಟು ತಿರುಗಿ ನೋಡದೆ ಬರಬೇಕು ಎಂದು ಅವಳೇ ಹೇಳಿದಳು.

"ಮನ್ಯಾಗ ಇಟ್ಕೊಂಡ್ರ ಏನಾಗತದ?" ಎಂದು ನಾನು ಕೇಳಿದೆ.

"ಹೊದಿಕಿ ಎಲ್ಲಿ ಅಂತ ಹುಡಿಕ್ಯಂತ ಬರತಾರ. ಹೋಗೂ ದಾರಿ ಬಿಟ್ಟು ಇಲ್ಲೇ ತಿರಗತಾರ. ಅವ್ವಗ ಅಂಥಾ ಗತಿ ಬರಬೇಕೇನ್ ಬೇ ಹುಡುಗಿ?"

ನಾನು ಬೇಡವೆಂದು ತಲೆಯಾಡಿಸಿದೆ. ಆದರೆ ಐದನೆಯ ದಿನ ಪಡಸಾಲೆಯಲ್ಲಿ ಬಿಳಿ ಬಟ್ಟೆಯ ಗಂಟೊಳಗೆ ಕೌದಿ ಹೋಗಿ ಕೂತದ್ದನ್ನು ನೋಡಿದೆ. ಅಜ್ಜಿಯನ್ನು ಒಯ್ದಿದ್ದರು. ಇನ್ನು ಅವಳ ವಾಸನೆಯನ್ನೂ ಒಯ್ಯುತ್ತಾರೆ.

ಎಂಟು ವರ್ಷದ ನನಗೆ ಆಗ ಒಂದು ಕಾನೂನಿನ ಅಂಶ ಹೊಳೆಯಿತು. ಅತ್ತೆ ಹೇಳಿದ್ದು ಕೌದಿ *ಮನೆಯಲ್ಲಿ* ಇರಬಾರದು ಎಂದು. ಹಿತ್ತಲು ಮನೆಯಲ್ಲ. ಮನೆ ಹೊಸ್ತಿಲಿಗೆ ಮುಗಿಯುತ್ತದೆ, ಅದಕ್ಕೇ ಹೊಸ್ತಿಲಿಗೆ ಪೂಜೆ. ಹಿತ್ತಲಿನಲ್ಲಿ ನೆಲಕ್ಕೆ ಹೊದಿಸಿದ್ದು ನೆಲದ್ದು ಎಂದು ಅಜ್ಜಿಯೇ ಎಷ್ಟು ಸಲ ಹೇಳಿಲ್ಲ? ಮುಂದೆ ದೊಡ್ಡ ದೊಡ್ಡ ವಕೀಲರ ವಾದ ಕೇಳಿದ್ದೇನೆ, ಇಷ್ಟು ಗಟ್ಟಿ ಎಳೆ ಯಾರಲ್ಲೂ ಕಂಡಿಲ್ಲ.

ಮಧ್ಯಾಹ್ನ ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದಾಗ ಗಂಟು ಬಿಚ್ಚಿದೆ. ಕೌದಿ ಎಳೆದುಕೊಂಡೆ. ಹೀರೆಯ ಮಡಿಯಿಂದ ಅಜ್ಜಿ ಕೊನೆಗೆ ಹಾಸಿದ ಆ ಎರಡು ಗೋಣಿಚೀಲ ತೆಗೆದು, ಮಣ್ಣು ಕೊಡವಿ, ಗಂಟಿನೊಳಗೆ ತುಂಬಿ ಮೊದಲಿನಂತೆಯೇ ಕಟ್ಟಿದೆ. ಚೀಲಗಳು ಖಾಲಿ ಮಾಡಿದ ಜಾಗಕ್ಕೆ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿದೆ. ಮೂಲೆಗೆ ಕಲ್ಲಿಟ್ಟೆ. ಬೂದಿ ಹಾಕಿದೆ. ಸುತ್ತಲಿನ ಹರಕು ಬಟ್ಟೆಗಳ ನಡುವೆ ಅದೂ ಒಂದಾಯಿತು.

ಇಳಿಹೊತ್ತಿಗೆ ಗಂಟು ಹೊರಟಿತು. ಅಪ್ಪ ಬರಿಗಾಲಲ್ಲಿ ಅದನ್ನು ತಲೆಯ ಮೇಲೆ ಹೊತ್ತ. ಓಣಿಯ ಮಂದಿ ಎದ್ದು ನಿಂತರು. ಅತ್ತೆ ಹೊಸ್ತಿಲಲ್ಲಿ ಅದಕ್ಕೆ ಉದ್ದಂಡ ನಮಸ್ಕಾರ ಹಾಕಿ, "ನನ್ನವ್ವಾ, ಹಿಂದ ನೋಡಬ್ಯಾಡ," ಎಂದು ಅತ್ತಳು. ಎರಡು ಗೋಣಿಚೀಲಗಳಿಗೆ ಅಂಥ ಮರ್ಯಾದೆ ಅದಕ್ಕೆ ಮುಂಚೆಯೂ ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ.

ನಾನು ನಗಲಿಲ್ಲ. ಅವತ್ತಿನಿಂದ ನನಗೆ ನಗು ಬರುವುದೇ ನಿಂತಿತು. ಮನೆ ದೊಡ್ಡದಾದ ಹಾಗಿತ್ತು. ಕುರ್ಪಿ ಮೂಲೆಯಲ್ಲಿ ಒರಗಿತ್ತು, ಯಾರೂ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಹಿಂಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದೆ. ಕೌದಿ ಸಪಾಟಾಗಿ ಮಲಗಿರುತ್ತಿತ್ತು. ಅದರ ಮೇಲೆ ತಾತನ ರುಮಾಲಿನ ತುಂಡು ಮಾತ್ರ ಮಬ್ಬಿನಲ್ಲಿ ಕೆಂಪಗೆ ಕಾಣುತ್ತಿತ್ತು. ನೋಡಿದರೆ ಸಮಾಧಾನ, ಬೆನ್ನು ತಿರುಗಿಸಿದರೆ ಭಯ.

ಮೂರು ದಿನಕ್ಕೆ ರೋಹಿಣಿ ಮಳೆ ಬಿತ್ತು. ಕಾದ ಎರೆ ಮಣ್ಣು ಉಸ್ ಎಂದಿತು. ಮಳೆ ನಿಂತು ಗಾಳಿ ಹಿತ್ತಲಿನಿಂದ ಮನೆಯೊಳಗೆ ಬಂತು. ಅದರ ಜೊತೆ ಮಣ್ಣಿನ ವಾಸನೆ ಬಂತು. ಮಣ್ಣಿನ ವಾಸನೆಯ ಹಿಂದೆಯೇ, ಸದ್ದಿಲ್ಲದೆ, ಹೊಗೆಸೊಪ್ಪು, ವಿಭೂತಿ, ನೀಲಗಿರಿ ಎಣ್ಣೆ ಬಂದವು.

ಅಪ್ಪ ಪತ್ರಿಕೆ ತಿದ್ದುತ್ತಿದ್ದ. ಕೆಂಪು ಸೀಸದ ಕಡ್ಡಿ ಗಾಳಿಯಲ್ಲೇ ನಿಂತಿತು. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಅತ್ತೆ, ಮೆಲ್ಲಗೆ, ನೆಂಟರು ಬಂದರು ಎನ್ನುವ ದನಿಯಲ್ಲಿ ಹೇಳಿದಳು: "ಅವ್ವ ಬಂದಾಳ."

"ಸುಮ್ನಿರಕ್ಕಾ," ಎಂದ ಅಪ್ಪ. ಆದರೆ ಅವನು ಯಾವನೋ ಹುಡುಗನ ಒಂದೇ ಲೆಕ್ಕಕ್ಕೆ ಎರಡು ಸಲ ಅಂಕ ಕೊಟ್ಟದ್ದನ್ನು ನಾನು ನೋಡಿದೆ.

ನನಗೆ ವಾಸನೆಯ ಮೂಲ ಗೊತ್ತಿತ್ತು. ಅದಕ್ಕೇ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನೇ. ಅಜ್ಜಿ ಬಂದಿದ್ದರೆ ಯಾಕೆ ಬಂದಿದ್ದಾಳೆ, ಏನು ಹುಡುಕುತ್ತಿದ್ದಾಳೆ, ಅದನ್ನು ಯಾರು ಬಚ್ಚಿಟ್ಟಿದ್ದಾರೆ ಎನ್ನುವುದು ಆ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಹೇಳಿದರೆ ಕೌದಿ ಹೋಗುತ್ತದೆ. ಹೇಳದಿದ್ದರೆ ಅಜ್ಜಿ ದಾರಿ ತಪ್ಪುತ್ತಾಳೆ. ಎರಡರಲ್ಲಿ ಯಾವುದಕ್ಕೂ ನನ್ನ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಕೌದಿ ಏಳತೊಡಗಿತು.

ಹೌದು. ಮೊದಲ ದಿನ ನಡುವೆ ಸ್ವಲ್ಪ ಉಬ್ಬಿದ ಹಾಗಿತ್ತು. ಮರುದಿನ ಆ ಉಬ್ಬು ಉದ್ದವಾಯಿತು. ಮಳೆ ಬಿದ್ದ ಆರನೆಯ ದಿನ, ನಾನು ನಿಮಗೆ ಹೇಳಬೇಕೆಂದಿದ್ದ ದಿನ ಇದೇ, ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಅವ್ವ ಕಟ್ಟಿಗೆ ತರಲು ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ಬಂದಳು. ಮುಖ ಸುಣ್ಣದಂತಾಗಿತ್ತು.

"ಇಲ್ಲಿ ಬರ್ರೀ," ಎಂದಳು ಅಪ್ಪನಿಗೆ. "ಹಿತ್ತಲದಾಗ ಯಾರೋ ಮಲಗ್ಯಾರ."

ಎಲ್ಲರೂ ಹಿಂಬಾಗಿಲಿಗೆ ಬಂದು ನಿಂತೆವು. ಹೀರೆಬಳ್ಳಿಯ ಕೆಳಗೆ ಯಾರೋ ಮಲಗಿದ್ದರು. ಬಲ ಮಗ್ಗುಲಿಗೆ. ಮೊಣಕಾಲು ಮಡಚಿ. ಹೊದಿಕೆಯ ತಲೆಯ ಕಡೆಯ ಮೂಲೆ ನೆಲ ಬಿಟ್ಟು ಎದ್ದಿತ್ತು. ಏಳಲೋ ಬೇಡವೋ ಎಂದು ಯೋಚಿಸುವವರು ದಿಂಬಿನಿಂದ ತಲೆ ಎತ್ತಿದ ಹಾಗೆ.

ಅತ್ತೆ ಅಪ್ಪನ ತೋಳು ಹಿಡಿದಳು. "ತಮ್ಮಾ, ಆ ಗಂಟು ಹುಣಸಿಗಿಡದ ಬುಡಕ ಇಟ್ಟದ್ದು ಖರೇನಾ?"

"ನನ್ನ ಕೈಯಾರೆ ಇಟ್ಟು ಬಂದೀನಲ್ಲಕ್ಕಾ."

"ಬಿಚ್ಚಿ ನೋಡಿದ್ಯಾ?"

"ಗಂಟ್ಯಾಕ ಬಿಚ್ಚಲಿ? ಕಟ್ಟಿದಾಕಿ ನೀನ ಅಲ್ಲ?"

"ಹಂಗಾದ್ರ ಆಕಿ ಹೊದಿಕಿ ಬಿಟ್ಟು ಹೋಗಿಲ್ಲ. ಹೊತಗೊಂಡ ಬಂದಾಳ." ಅತ್ತೆ ಬಾಗಿಲ ಮೇಲೆ ಕೈ ಇಟ್ಟಳು. "ನಾಳಿ ಆಳು ಕರಸು. ಹಿತ್ತಲ ಪೂರಾ ಅಗಿಸಿ ಬೆಂಕಿ ಹಚ್ಚಸು. ಈ ಬಾಗಲಾ ಮುಚ್ಚಿಬಿಡು. ಹಿಂಗ ನಡುವ ಸಿಕ್ಕೊಂಡ್ರ ಅವ್ವಗ ಎಂದೂ ದಾರಿ ಸಿಗಂಗಿಲ್ಲ."

ಬೆಂಕಿ ಎನ್ನುವ ಮಾತು ಕೇಳಿದ್ದೇ ತಡ, ನಾನು ಹೊಸ್ತಿಲು ದಾಟಿ ಓಡಿದೆ. ಅವ್ವ ಹಿಂದಿನಿಂದ ಕೂಗಿದಳು. ಹೀರೆಯ ಮಡಿಯ ಪಕ್ಕ ಮೊಣಕಾಲೂರಿ ಕೂತು, ಯಾರಿಗೂ ಕೇಳದ ಹಾಗೆ ಹೇಳಿದೆ: "ಅಜ್ಜೀ, ನಾನ ತಗೊಂಡೀನಿ. ಹುಡುಕಬ್ಯಾಡ. ಇಲ್ಲೇ ಅದ."

ಹೇಳಿ ಕೌದಿಯ ಮೇಲೆ ಕೈ ಇಟ್ಟೆ.

ಬೆಚ್ಚಗಿತ್ತು. ಮಕ್ಕಳೇ, ಅದು ಮೈಯಂತೆ ಬೆಚ್ಚಗಿತ್ತು. ಆ ಮಧ್ಯಾಹ್ನ ಅಜ್ಜಿಯ ಕೈಯಲ್ಲಿ ಇಲ್ಲದೆ ಹೋದ ಬಿಸಿಯೆಲ್ಲ ಇಲ್ಲಿತ್ತು. ಕೈ ತೆಗೆಯಲಾಗದೆ ಮೂಲೆಯ ಕಡೆ ಜಾರಿಸಿದೆ. ಅಲ್ಲಿ ಬಟ್ಟೆಯ ಕೆಳಗಿನಿಂದ ಬೆರಳ ತುದಿಗಳು ನನ್ನ ಅಂಗೈಯನ್ನು ಮೇಲಕ್ಕೆ ಒತ್ತಿದವು. ಒಂದಲ್ಲ, ಹತ್ತಾರು. ಸಣ್ಣವು, ಗಟ್ಟಿಯಾದವು.

ನಾನು ಕಿರುಚಿದ್ದು ಊರ ಕೋಟೆಯ ಗುಡ್ಡಕ್ಕೆ ಬಡಿದು ವಾಪಸು ಬಂತಂತೆ. ಅವ್ವ ಹಾಗೆ ಹೇಳುತ್ತಿದ್ದಳು. ಅಪ್ಪ ಎರಡೇ ಹೆಜ್ಜೆಯಲ್ಲಿ ಬಂದು ನನ್ನನ್ನು ಪಕ್ಕಕ್ಕೆ ಎಳೆದ. ಆಮೇಲೆ ಕಣ್ಣು ಮುಚ್ಚಿ, ಹೌದು, ಕಣ್ಣು ಮುಚ್ಚಿಯೇ, ಮೂಲೆಯ ಕಲ್ಲು ಸರಿಸಿ ಮೇಲಿನ ಮಡಿಕೆ ಎತ್ತಿದ.

ಕೆಳಗೆ ಜೋಳದ ಮೊಳಕೆಗಳಿದ್ದವು. ಬೆಳಕು ಕಾಣದೆ ಹಳದಿಯಾಗಿ, ಒತ್ತೊತ್ತಾಗಿ, ಬೆನ್ನಿನಿಂದ ಹೊದಿಕೆಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದವು. ನನ್ನ ಎರಡು ಗುಬ್ಬಿ ಹಿಡಿ.

ಅಪ್ಪ ಕಣ್ಣು ತೆರೆದು ನೋಡಿದ. ಮೊಳಕೆ ನೋಡಿದ, ತನ್ನ ಅಂಗಿಯ ಜೇಬಿನ ತುಂಡು ನೋಡಿದ, ನನ್ನನ್ನು ನೋಡಿದ. ನಾನು ಎಲ್ಲ ಹೇಳಿದೆ. ಅಳುತ್ತಲೇ ಹೇಳಿದೆ, ಕಾನೂನಿನ ಅಂಶವನ್ನು ಮಾತ್ರ ಬಿಡದೆ ಎರಡು ಸಲ ಹೇಳಿದೆ.

"ಹಂಗಾದ್ರ ನಾ ತಲಿಮ್ಯಾಲ ಹೊತಗೊಂಡ ಹೋಗಿದ್ದು ಏನದು?" ಎಂದ ಅಪ್ಪ.

"ಗೋಣಿಚೀಲ."

"ಎಷ್ಟು?" ಗಣಿತದ ಮಾಸ್ತರ.

"ಎರಡು."

ಆಮೇಲೆ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಲುಕುವುದನ್ನು ನೋಡಿ ಅತ್ತೆ ಕೆಂಡವಾದಳು. "ನಗ್ತೀ ಏನ್ ನೀ? ಸಾಷ್ಟಾಂಗ ಬಿದ್ದಾಕಿ ನಾನು! ಚೀಲಕ್ಕ ಅವ್ವಾ ಅಂತ ಅತ್ತಾಕಿ ನಾನು!" ಎಂದವಳೇ ಅಲ್ಲೇ ಹಸಿ ಮಣ್ಣಿನ ಮೇಲೆ ಕೂತುಬಿಟ್ಟಳು. ಕೂತು ಈ ಸಲ ಬೇರೆ ರೀತಿ ಅತ್ತಳು. ಐದನೆಯ ದಿನ ಊರಿಗೆ ಕೇಳುವ ಹಾಗೆ ಅತ್ತಿದ್ದಳು, ಈಗ ತನಗಷ್ಟೇ.

ಕೌದಿಯನ್ನು ಈಗಲೇ ಒಯ್ದು ಬಿಡೋಣವೆಂದು ಅಪ್ಪ ಅದರ ಅಂಚು ಹಿಡಿದು ಎಳೆದ. ಅದು ಬರಲಿಲ್ಲ. ಬೇರುಗಳು ಕೆಳಗಿನ ಮಡಿಕೆಯನ್ನು ತೂರಿ ನೆಲಕ್ಕೆ ಇಳಿದಿದ್ದವು. ಇನ್ನೊಮ್ಮೆ ಎಳೆದಾಗ ಚರ್ರೆಂದು ಎಲ್ಲೋ ಒಂದು ಹೊಲಿಗೆ ಬಿಟ್ಟಿತು. ಎಲ್ಲರ ಕೈಯೂ ಒಟ್ಟಿಗೇ ಮುಂದೆ ಬಂತು, ಬೇಡ ಎನ್ನುವ ಹಾಗೆ.

"ಹೊತ್ತು ಮುಳುಗಿದ ಮ್ಯಾಲ ಹಸರು ಕೀಳಬಾರದು," ಎಂದಳು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. "ಬೆಳಿಗ್ಗಿ ನೋಡಾಮು."

ಆ ರಾತ್ರಿಯ ಬಗ್ಗೆ ಹೇಳುವುದೇನಿಲ್ಲ. ಬೆಳಿಗ್ಗೆ ನಾನು ಎದ್ದಾಗ ಅತ್ತೆಯ ಹಾಸಿಗೆ ಖಾಲಿ ಇತ್ತು. ಅಡುಗೆಮನೆಯ ಈಳಿಗೆಯ ಪಕ್ಕ ಇರುತ್ತಿದ್ದ ಚಾಕೂ ಇರಲಿಲ್ಲ. ನಾನು ಹಿಂಬಾಗಿಲಿಗೆ ಓಡಿದೆ.

ಅತ್ತೆ ಹೀರೆಯ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹಿಂದಿನಿಂದ ನೋಡಿದರೆ ಅಜ್ಜಿಯೇ. ನಾನು ನಿಂತಲ್ಲೇ ನಿಂತೆ. ಅವಳು ಕೌದಿಯನ್ನು ಮತ್ತೆ ಸರಿಯಾಗಿ ಹಾಸಿ, ಮೊಳಕೆಗಳ ಮೇಲೆ ಅಡ್ಡ ಒಂದು, ಉದ್ದ ಒಂದು ಸೀಳು ಹಾಕಿದಳು. ಬೆರಳು ತೂರಿಸಿ ಒಂದೊಂದೇ ಮೊಳಕೆಯನ್ನು ಬೆಳಕಿಗೆ ತಂದಳು. ಸುತ್ತ ಬೂದಿ ಹಾಕಿದಳು. ಮೂಲೆಗೆ ಕಲ್ಲಿಟ್ಟು, ತಿರುಗಿ ನೋಡದೆಯೇ, ನಾನು ಅಲ್ಲಿದ್ದೇನೆಂದು ಗೊತ್ತಿದ್ದವಳ ಹಾಗೆ ಹೇಳಿದಳು:

"ಹಿತ್ತಲ ಮನಿ ಅಲ್ಲ ಬಿಡು. ನೀ ಹೇಳಿದ್ದು ಬರೋಬ್ಬರಿ ಅದ."

ಅಪ್ಪ ಆಮೇಲೆ ಎಲ್ಲವನ್ನೂ ವಿವರಿಸಿದ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅದಕ್ಕೇ ಆ ಆಕಾರ. ಇಡೀ ದಿನ ಬಿಸಿಲು ಕುಡಿದ ದಪ್ಪ ಬಟ್ಟೆ ಸಂಜೆಗೆ ಬೆಚ್ಚಗಿರುತ್ತದೆ, ಅದಕ್ಕೇ ಆ ಬಿಸಿ. ಒಗೆಯದ ಬಟ್ಟೆ ನೆನೆದರೆ ವಾಸನೆ ಬಿಡುತ್ತದೆ. ಅಪ್ಪನ ವಿವರಣೆಗಳು ಯಾವಾಗಲೂ ಸರಿ ಇರುತ್ತಿದ್ದವು, ಅದೊಂದೇ ಅವನಲ್ಲಿದ್ದ ದೋಷ. ಪಕ್ಕದ ಮಡಿಗಳಲ್ಲೂ ಅದೇ ಎರೆ ಮಣ್ಣಿತ್ತು, ಅದೇ ಮಳೆ ಬಿದ್ದಿತ್ತು, ಅವು ಯಾಕೆ ಬಲ ಮಗ್ಗುಲಿಗೆ ಮಲಗಲಿಲ್ಲ ಎಂದು ನಾನು ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ಆದರೆ ಆ ವರ್ಷವಿಡೀ ಹಿತ್ತಲಿಗೆ ಹೋಗುವಾಗ ಅವನು ಚಪ್ಪಲಿ ಬಿಟ್ಟು ಹೋಗುತ್ತಿದ್ದ.

ಜೋಳ ಆಳೆತ್ತರ ಬೆಳೆಯಿತು. ಮಾನಾಮಿಗೆ ಮನೆಯ ಎಲ್ಲ ಕೌದಿಗಳು ಹಳ್ಳಕ್ಕೆ ಹೋದವು, ಅದೊಂದು ಹೋಗಲಿಲ್ಲ. ತೆನೆ ಬಲಿತಾಗ ಅತ್ತೆ ಕಲ್ಲೂರಿನಿಂದ ಬಂದು ಒಂದು ಹಿಡಿ ಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಯಾಕೆಂದು ಹೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಕೌದಿ ಇರಲಿಲ್ಲ, ಮಣ್ಣು ತಿಂದಿತ್ತು. ಮೊದಲು ತಾತನ ರುಮಾಲು ಹೋಯಿತು, ಕೊನೆಗೆ ನನ್ನ ಝಬಲಾ. ಉಳಿದದ್ದು ಅಂಗಿ ಜೇಬಿನ ಒಂದು ಗುಂಡಿ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಗೋಣಿ, ಚಾಪೆ, ಏಳನೆಯ ತರಗತಿಯ ಗಣಿತ, ಎಲ್ಲವನ್ನೂ ತೂರಿಕೊಂಡು ಬರುತ್ತಿದ್ದ ಜೇಕು ಆ ಒಂದು ಮಡಿಯಲ್ಲಿ ಮತ್ತೆ ಹುಟ್ಟಲಿಲ್ಲ. ನಾವು ಆ ಮನೆ ಬಿಡುವವರೆಗೂ ಹುಟ್ಟಲಿಲ್ಲ. ಅಜ್ಜಿಗೆ ಸಾಯುವುದರೊಳಗೆ ಆಗದ ಕೆಲಸ.

ಈಗ ರಾಯಚೂರಿನ ಈ ಮನೆಯಲ್ಲಿ ನಮಗಿರುವುದು ಹಿಂದಿನ ಗೋಡೆ ಮತ್ತು ಕಂಪೌಂಡಿನ ನಡುವೆ ಎರಡು ಮಾರು ಮಣ್ಣು. ಮೊನ್ನೆ ನೀವಿಬ್ಬರೂ ಪಾರ್ಸೆಲ್ ಬಂದ ರಟ್ಟಿನ ಡಬ್ಬಿಗಳನ್ನು ಬಿಚ್ಚಿ, ಟೇಪು ಕಿತ್ತು, ನೆನೆಸಿ, ಟೊಮೆಟೊ ಗಿಡಗಳ ನಡುವೆ ಹಾಸುತ್ತಿದ್ದಿರಿ. ಫೋನು ನೋಡಿ ಕಲಿತದ್ದಂತೆ. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಸಂದಿ ಬಿಟ್ಟಿದ್ದಿರಿ, ಹೇಳಿದೆ, ಸರಿಮಾಡಿದಿರಿ. ನಿಮ್ಮ ರಟ್ಟಿನ ಮೇಲೆ ನಿಮ್ಮದೇ ಹೆಸರು, ಓಣಿ, ಮನೆ ನಂಬರು ಅಚ್ಚಾಗಿರುತ್ತದೆ. ಮಣ್ಣಿಗೆ ವಿಳಾಸ ಓದಿಕೊಂಡು ತಿನ್ನುವ ಅನುಕೂಲ ಈಗ ಬಂದಿದೆ. ನಮ್ಮ ಕಾಲದಲ್ಲಿ ಅದು ವಾಸನೆಯಿಂದಲೇ ಗುರುತು ಹಿಡಿಯಬೇಕಾಗಿತ್ತು. ಮಾನ್ವಿ ಕಡೆ ಹೊಲಗಳಲ್ಲಿ ಕರಿ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಬಸ್ಸಿನಿಂದ ನೋಡಿದ್ದೇನೆ. ಅಜ್ಜಿ ಇದ್ದಿದ್ದರೆ ಬಸ್ಸು ನಿಲ್ಲಿಸಿ ಒಂದು ತುಂಡನ್ನು ಕೆಂಡಕ್ಕೆ ಹಿಡಿಯುತ್ತಿದ್ದಳು. ನಿಮ್ಮ ಮೆತ್ತನೆಯ ಹೊಸ ಹೊದಿಕೆಯ ಒಂದು ಎಳೆಯನ್ನು ನಾನೂ ಗ್ಯಾಸಿನ ಉರಿಗೆ ಹಿಡಿದೆ. ಗಂಟು ಕಟ್ಟಿತು. ನೀವು ಬೈದಿರಿ, ಸರಿಯೇ.

ಅದಕ್ಕೇ ನಾನು ಒಂದು ಕೌದಿ ಹೊಲಿದಿದ್ದೇನೆ. ಎಲ್ಲ ಎಳೆಯನ್ನೂ ಸುಟ್ಟು ನೋಡಿಯೇ ಸೇರಿಸಿದ್ದು. ನಿಮ್ಮ ಶಾಲೆಯ ಹಳೆಯ ಅಂಗಿಗಳೂ ಇವೆ. ಹೊಲಿಗೆ ಮುಗಿದಿದೆ, ಒಂದು ಮೂಲೆಯಲ್ಲಿ ಮಾತ್ರ ಅಂಗೈ ಅಗಲದ ಬಾಯಿ ಬಿಟ್ಟಿದ್ದೇನೆ. ಜೋಳ ಡಬ್ಬಿಯಲ್ಲಿದೆ. ನಾಳೆ ಶಾಲೆಯಿಂದ ಬಂದ ಮೇಲೆ ನಿಮ್ಮಿಬ್ಬರಲ್ಲಿ ಯಾರ ಹಿಡಿ ಸಣ್ಣದೋ ಅವರು ಬನ್ನಿ. ಎರಡು ಸಲ ಹಾಕಬೇಕು.

ಮುಂದೆ ಎಂದಾದರೂ ಒಂದು ದಿನ ಮನೆಗೆ ಹಿರಿಯರು ಯಾರಾದರೂ ಬಂದು, ಆ ಕೌದಿ ಮನೆಯಲ್ಲಿ ಇರಬಾರದು ಎನ್ನುತ್ತಾರೆ. ಅವರೊಡನೆ ವಾದ ಮಾಡಬೇಡಿ. ಹೌದು ಎನ್ನಿ. ಹಾಗೆಂದು, ಹಿಂಬಾಗಿಲು ತೆಗೆಯಿರಿ.